ಹೊಸತೊಡಕಿಗೆ ನಾನು ತಂದ ಮೀನು

ದಾರದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ರಾಮನಗರದ ಹೊರವಲಯದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯನ್ನು ಹುಡುಕಿ, ಎಂಟು ಎಳೆ ಕೂಡಿಸಿ, ತುಂಡಾಗದಂತೆ ರಾಟೆಗೆ ಸುತ್ತುವುದು ಮೂವತ್ತು ವರ್ಷದಿಂದ ನನ್ನ ಕಸುಬು. ಹೀಗಿರುವಾಗ, ಮೀನು ಹಿಡಿಯುವ ರೀಲು ಎಂಬ ಅಂಗೈ ಅಗಲದ ಯಂತ್ರ ನನ್ನನ್ನು ಏನು ಮಾಡೀತು ಎಂದು ನಾನು ಭಾವಿಸಿದ್ದು ಸಹಜವೇ ಆಗಿತ್ತು.

ಇದಕ್ಕೆಲ್ಲ ಮೂಲ ಕಾರಣ ನಮ್ಮ ಮಾವ, ಕನಕಪುರದ ಕಡೆಯ ದೊಡ್ಡಆಲಹಳ್ಳಿಯವರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಕೆಟ್ಟ ಮಾತೂ ಬಂದಿರಲಿಲ್ಲ, ಅದು ಬೇರೆ. ಘಟಕ ಶುರು ಮಾಡಿದಾಗ "ಹೂಂ" ಎಂದರು. ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಬಂದು, ಎಲ್ಲ ಕೋಣೆಗಳನ್ನೂ ಇಣುಕಿ ನೋಡಿ, ಮತ್ತೆ "ಹೂಂ" ಎಂದರು. ಈ ಯುಗಾದಿಗೆ ಅತ್ತೆ ಮಾವ ನಮ್ಮಲ್ಲಿಗೆ ಬರುತ್ತಾರೆ, ಮಾರನೆಯ ದಿನದ ಹೊಸತೊಡಕೂ ನಮ್ಮ ಮನೆಯಲ್ಲೇ ಎಂದು ಹೆಂಡತಿ ಸಾವಿತ್ರಿ ಹೇಳಿದಾಗ, ಆ "ಹೂಂ" ಮುಂದೆ ಒಂದು ಮಾತಾದರೂ ಸೇರಿಸಲೇಬೇಕೆಂದು ನಾನು ಸಂಕಲ್ಪ ಮಾಡಿದೆ.

ಹೊಸತೊಡಕು ನಮ್ಮ ಕಡೆ ಬಾಡೂಟದ ದಿನ. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ. ಆದ್ದರಿಂದ ಅವತ್ತು ಯಾರೂ ಯಾರನ್ನೂ ಬೈಯುವುದಿಲ್ಲ, ಹೊಟ್ಟೆ ತುಂಬ ತಿನ್ನುತ್ತಾರೆ. ಬೀದಿಯವರೆಲ್ಲ ಸೇರಿ ಮರಿ ತಂದು ಕಡಿದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ, ಮನೆಗಿಷ್ಟು ಎಂದು ಹಂಚಿಕೊಳ್ಳುತ್ತೇವೆ. ಪಕ್ಕದ ಮನೆಯ ಶಿವಣ್ಣ ಹದಿನೈದು ದಿನ ಮೊದಲೇ ಹೆಸರು ಬರೆದುಕೊಳ್ಳಲು ಬಂದ.

"ನಂಜ, ನಿಂದು ಎರಡು ಗುಡ್ಡೆ ತಾನೆ? ಮಾವ ಬತ್ತಾವ್ರಂತೆ."

"ನಂಗೆ ಗುಡ್ಡೆ ಬ್ಯಾಡ ಕಣ್ಲಾ. ಈ ಸಲ ನಮ್ಮನೇಲಿ ಮೀನು. ನಾನೇ ಹಿಡ್ಕಂಡ್ ಬತ್ತೀನಿ."

"ಯಾವತ್ಲಾ ಮೀನ್ ಹಿಡ್ದಿದ್ದೆ ನೀನು?"

"ಹಿಡ್ದಿಲ್ಲ. ಅದ್ಕೇ ಹಿಡೀತೀನಿ."

ಶಿವಣ್ಣ ಪೆನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದು ಅಗತ್ಯಕ್ಕಿಂತ ಜೋರಾಗಿ ಕೇಳಿಸಿತು.

ನನ್ನ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಎರಡು ತಿಂಗಳಿಂದ ಮೊಬೈಲಿನಲ್ಲಿ ಮೀನು ಹಿಡಿಯುವ ವಿಡಿಯೋಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೆ, ಮಲಗಿಕೊಂಡು. ಅದರಲ್ಲಿ ಎರೆಹುಳ ಚುಚ್ಚುವ ಗಲೀಜು ಕೆಲಸವಿಲ್ಲ. ಲ್ಯೂರ್ ಎಂಬ ಬೆರಳುದ್ದದ ಸುಳ್ಳು ಮೀನನ್ನು ದೂರ ಎಸೆಯುವುದು, ರೀಲಿನ ಹಿಡಿ ತಿರುಗಿಸಿ ಎಳೆದುಕೊಳ್ಳುವುದು, ಅದು ನಿಜವೆಂದು ನಂಬಿ ಮೊಳದುದ್ದದ ಕೊರಮೀನು ಬೆನ್ನಟ್ಟಿ ಬಂದು ಕಚ್ಚುವುದು. ವಿಡಿಯೋದಲ್ಲಿ ಒಂದು ಮೀನೂ ನಂಬದೆ ಇರಲಿಲ್ಲ.

ಸಲಕರಣೆ ತರಲು ಬೆಂಗಳೂರಿಗೆ ಹೋದೆ. ಅಂಗಡಿಯವನು ತಾಳ್ಮೆಯ ಮನುಷ್ಯ. ಎಷ್ಟು ತೂಕದ ಲ್ಯೂರ್ ಎಸೆಯುತ್ತೀರಿ ಎಂದು ಕೇಳಿದ. ಹಗುರದ್ದು ಎಂದೆ. ಅವನು ಕಡ್ಡಿಯಂಥ ಒಂದು ರಾಡು ತೆಗೆದುಕೊಟ್ಟ.

"ಐದರಿಂದ ಹತ್ತು ಗ್ರಾಂಗೆ ಇದು ಸರ್, ಬುಡದಲ್ಲೇ ಬರೆದಿದೆ ನೋಡಿ. ಹಗುರ ಲ್ಯೂರ್‌ಗೂ ಬಾಗುತ್ತೆ. ಬಾಗಿದ್ರೇನೇ ದೂರ ಹೋಗೋದು."

ಅಲ್ಲಾಡಿಸಿ ನೋಡಿದೆ. ಗಾಳಿಗೆ ತೂಗುವ ರಾಗಿ ತೆನೆಯ ಹಾಗಿತ್ತು. ಇದನ್ನು ಹಿಡಿದು ಮಾವನ ಮುಂದೆ ನಿಲ್ಲುವುದೇ? ಗೋಡೆಗೆ ಒರಗಿಸಿದ್ದ, ಹೆಬ್ಬೆರಳು ದಪ್ಪದ, ಏನು ಮಾಡಿದರೂ ಬಾಗದ ಇನ್ನೊಂದನ್ನು ಆರಿಸಿಕೊಂಡೆ. ಅದರ ಬುಡದಲ್ಲೂ ಏನೋ ಬರೆದಿತ್ತು. ಓದಲಿಲ್ಲ.

ರೀಲಿನ ವಿಷಯದಲ್ಲೂ ಹೀಗೇ ಆಯಿತು. ಹಗುರ ಲ್ಯೂರ್‌ಗೆ ಪುಟ್ಟ ಸ್ಪೂಲ್ ಇರುವ ರೀಲೇ ಸರಿ, ಅಷ್ಟು ಹಗುರದ ಲ್ಯೂರ್ ಭಾರದ ಸ್ಪೂಲನ್ನು ತಿರುಗಿಸಲಾರದು ಎಂದು ಅವನು ಹೇಳಿದ. ದಾರ ಸುತ್ತುವ ಸ್ಪೂಲು ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಇದ್ದುದರಲ್ಲಿ ದೊಡ್ಡದನ್ನೇ ತೆಗೆದುಕೊಂಡೆ. ಅವನು ಬಿಡದೆ ಇನ್ನೊಂದು ಮಾತು ಹೇಳಿದ.

"ಎಸೆಯುವಾಗ ಹೆಬ್ಬೆರಳು ಸ್ಪೂಲ್ ಮೇಲೇ ಇರಲಿ ಸರ್. ಲ್ಯೂರ್ ನೀರಿಗೆ ಬೀಳೋ ಹೊತ್ತಿಗೆ ಒತ್ತಿಬಿಡಿ. ಇಲ್ಲಾಂದ್ರೆ ಸ್ಪೂಲ್ ತಿರುಗ್ತಾನೇ ಇರುತ್ತೆ, ದಾರವೆಲ್ಲ ಹಕ್ಕಿಗೂಡಾಗುತ್ತೆ."

ಓಡುವ ನೂಲಿನ ಮೇಲೆ ಬೆರಳಿಡುವುದೇ? ನಮ್ಮ ಘಟಕದಲ್ಲಿ ಯಾರಾದರೂ ಹಾಗೆ ಮಾಡಿದರೆ ಅವತ್ತೇ ಮನೆಗೆ ಕಳಿಸುತ್ತೇನೆ. ನಗುತ್ತಾ ಬಿಲ್ಲು ಹಾಕಿ ಎಂದೆ. ಲೈನು ಯಾವುದು ಕೊಡಲಿ ಎಂದು ಕೇಳಿದಾಗಲಂತೂ ಇನ್ನೂ ನಗು ಬಂತು. ರಾಮನಗರದವನು ಬೆಂಗಳೂರಿಗೆ ಬಂದು ದಾರ ಕೊಂಡುಕೊಂಡನೆಂದು ಗೊತ್ತಾದರೆ ಊರಿನಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಮನೆಗೆ ಬಂದು ನಮ್ಮದೇ ಹಸಿ ರೇಷ್ಮೆಯನ್ನು ಹುರಿ ಮಾಡಿ, ಸ್ಪೂಲಿನ ಅಂಚಿನವರೆಗೆ ತುಂಬಿದೆ. ನೋಡಲು ಬಹಳ ಚೆನ್ನಾಗಿತ್ತು.

ಉಳಿದದ್ದು ಲ್ಯೂರ್. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಬಾಷಾ ಸಾಬರು ನನಗೆ ಹಳೆಯ ಪರಿಚಯ. ಹಾಲೆಮರದಲ್ಲಿ ಪುಟ್ಟದೊಂದು ಮೀನು ಕಡೆದು, ಅರಗಿನಿಂದ ಕೆಂಪು ಹಳದಿ ಬಣ್ಣ ಕೊಟ್ಟು, ತಾಳೆಗರಿಯಲ್ಲಿ ಉಜ್ಜಿ ಹೊಳಪು ಮಾಡಿದರು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ.

"ಚಕ್ರ ಬ್ಯಾಡ್ವಾ ಇದ್ಕೆ?" ಎಂದರು.

"ಮೀನಿಗೆ ಚಕ್ರ ಯಾಕೆ ಸಾಬರೇ?"

"ಮತ್ತೆ ಮಗು ಎಂಗೆ ಎಳೀತೈತೆ?"

ಇದು ಮಗುವಿಗಲ್ಲ, ನನಗೇ ಎಂದೆ. ಸಾಬರು ನನ್ನ ಮುಖ ನೋಡಿ, ಮೀನನ್ನು ಇನ್ನೊಮ್ಮೆ ತಾಳೆಗರಿಯಲ್ಲಿ ಉಜ್ಜಿ ಕೊಟ್ಟರು.

ಹೊಸತೊಡಕಿನ ಬೆಳಿಗ್ಗೆ ಬೀದಿಯವರೆಲ್ಲ ಸ್ಟೀಲ್ ಪಾತ್ರೆ ಹಿಡಿದು ಗುಡ್ಡೆಯ ಕಡೆ ನಡೆದರು. ನಾನೊಬ್ಬ ರಾಡು ಹಿಡಿದು ಎದುರು ದಿಕ್ಕಿನಲ್ಲಿ ಕೆರೆಯ ಕಡೆ ನಡೆದೆ. ಮಾವ ಕೈ ಹಿಂದೆ ಕಟ್ಟಿಕೊಂಡು ಜೊತೆಗೆ ಬಂದರು. ಹೊರಡುವಾಗ ಸಾವಿತ್ರಿ ಬಾಗಿಲಲ್ಲಿ ನಿಂತು, "ಮಸಾಲೆ ಅರೀಲಾ?" ಎಂದು ಕೇಳಿದಳು. "ಧಾರಾಳವಾಗಿ ಅರಿ" ಎಂದೆ. ನಿಜ ಹೇಳಬೇಕೆಂದರೆ ಆಗಲೇ ಎದೆಯಲ್ಲಿ ಸಣ್ಣದಾಗಿ ಅಳುಕು ಶುರುವಾಗಿತ್ತು. ಮೀನು ಬರದಿದ್ದರೆ ಹೆಂಡತಿಯ ತವರಿನವರು ವರ್ಷದ ಮೊದಲ ಬಾಡೂಟದ ದಿನ ನಮ್ಮ ಮನೆಯಲ್ಲಿ ಬರೀ ಮಸಾಲೆ ಉಣ್ಣಬೇಕಿತ್ತು.

ಕೆರೆಯ ಏರಿಯ ಮೇಲೆ ನಿಂತು, ವಿಡಿಯೋದಲ್ಲಿದ್ದಂತೆ ಕಾಲು ಅಗಲಿಸಿ, ಮೊದಲ ಎಸೆತ ಎಸೆದೆ. ರಾಡು ಬಾಗಲಿಲ್ಲ. ಲ್ಯೂರ್ ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ಟಪ್ಪೆಂದು ಬಿತ್ತು. ಆದರೆ ಸ್ಪೂಲಿಗೆ ಆ ಸಮಾಚಾರ ತಲುಪಿರಲಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ನನ್ನ ರೇಷ್ಮೆ ಉಕ್ಕುವ ಹಾಲಿನ ಹಾಗೆ ರೀಲಿನಿಂದ ಮೇಲೆದ್ದು, ಕೈ ಮೇಲೆಲ್ಲ ಹರಿದು, ಒಂದರೊಳಗೊಂದು ಸೇರಿಕೊಂಡಿತು.

"ಏನಪ್ಪಾ ಅದು?" ಎಂದರು ಮಾವ.

"ಶುರುವಿನಲ್ಲಿ ಹಿಂಗೇ ಮಾವ."

"ಹೂಂ."

ಸಿಕ್ಕಿನಲ್ಲಿ ಕೈಗೆ ಬಂದಷ್ಟು ಬಿಡಿಸಿ, ಬಾರದ್ದನ್ನು ಒಳಗೇ ಅದುಮಿ ಸುತ್ತಿದೆ. ಇನ್ನೂ ನಾಲ್ಕು ಸಲ ಎಸೆದೆ. ನಾಲ್ಕು ಸಲವೂ ಹಾಲು ಉಕ್ಕಿತು. ದಾರವೆಲ್ಲ ನೆನೆದು ತೊಪ್ಪೆಯಾಯಿತು. ಸ್ವಲ್ಪ ದಣಿವಾರಿಸಿಕೊಳ್ಳೋಣವೆಂದು ರಾಡನ್ನು ಬಿಸಿಲಿಗೆ ಒರಗಿಸಿ, ತಂದಿದ್ದ ಹಿಂದಿನ ದಿನದ ಒಬ್ಬಟ್ಟನ್ನು ಮಾವನಿಗೂ ಕೊಟ್ಟು ನಾನೂ ತಿಂದೆ.

ಇಲ್ಲಿ ಒಂದು ತಾಂತ್ರಿಕ ವಿವರ ಹೇಳಲೇಬೇಕು. ಹಸಿ ರೇಷ್ಮೆಯಲ್ಲಿ ಅಂಟಿರುತ್ತದೆ. ಒದ್ದೆಯಾದ ನೂಲನ್ನು ಹಾಗೇ ಸುತ್ತಿ ಒಣಗಲು ಬಿಟ್ಟರೆ ಎಳೆಗೆ ಎಳೆ ಅಂಟಿ ಕೊರಡಾಗುತ್ತದೆ. ಆದ್ದರಿಂದಲೇ ಪ್ರತಿಯೊಂದು ಘಟಕದಲ್ಲೂ ನೂಲನ್ನು ಎರಡನೆಯ ಸಲ ಬಿಡಿಸಿ ಸುತ್ತುತ್ತಾರೆ. ಇದು ನನಗೆ ಮೂವತ್ತು ವರ್ಷದಿಂದ ಗೊತ್ತು. ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಒಬ್ಬಟ್ಟು ತಿನ್ನುವಾಗ ಮಾತ್ರ ನೆನಪಾಗಲಿಲ್ಲ.

ಆರನೆಯ ಎಸೆತಕ್ಕೆ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದೆ. ಸ್ಪೂಲು ಜಗ್ಗಲಿಲ್ಲ. ದಾರ ಪಟ್ಟೆಂದು ತುಂಡಾಯಿತು. ಬಂಧನದಿಂದ ಬಿಡುಗಡೆಯಾದ ಸಾಬರ ಮೀನು ಆಕಾಶಕ್ಕೇರಿ, ಬಿಸಿಲಿನಲ್ಲಿ ಕೆಂಪಗೆ ಹಳದಿಯಾಗಿ ಹೊಳೆದು, ಕೆರೆಯ ನಡುವೆ ಬಿತ್ತು. ಅವತ್ತಿನ ಅತ್ಯುತ್ತಮ ಎಸೆತ ಅದೇ! ಹಾಲೆಮರವಾದ್ದರಿಂದ ಮುಳುಗಲಿಲ್ಲ. ತೇಲಿಕೊಂಡು, ಗಾಳಿ ಬೀಸಿದ ಕಡೆ ನಿಧಾನವಾಗಿ ಹೊರಟುಹೋಯಿತು.

ಅದೇ ಹೊತ್ತಿಗೆ ಕೆರೆಯ ಆ ಮೂಲೆಯಲ್ಲಿ ನಿಜವಾದ ಮೀನುಗಳು ಒಂದರ ಮೇಲೊಂದು ಬಿದ್ದು ನೆಗೆಯತೊಡಗಿದವು. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳಗಳನ್ನು ಯಾರೋ ತಂದು ಸುರಿಯುತ್ತಿದ್ದರು. ಮಾವ ಅತ್ತ ನೋಡಿದರು.

"ಆ ಹುಳ ನಿಮ್ ಯೂನಿಟ್ನಲ್ಲೂ ಬೀಳ್ತೈತಲ್ವಾ?"

"ದಿನಕ್ಕೆ ಎರಡು ಬುಟ್ಟಿ ಬೀಳ್ತೈತೆ ಮಾವ."

"ಹುಳ ತಿಂದು ಬೆಳೆದ್ ಮೀನು, ಮರ ಯಾಕಪ್ಪಾ ತಿಂದಾವು?"

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಬರಿಗೈಯಲ್ಲಿ ಮನೆಗೆ ಬರುವಾಗ ಬೀದಿಯ ತುಂಬ ಬಾಡಿನ ಸಾರಿನ ಘಮ. ಇದು ಶಿವಣ್ಣನ ಮನೆಯದು, ಇದು ಎದುರು ಮನೆಯದು ಎಂದು ಒಂದೊಂದಾಗಿ ದಾಟಿಕೊಂಡು ಬಂದೆ. ಸಾವಿತ್ರಿಗೆ ಯಾವ ಮುಖ ತೋರಿಸಲಿ ಎಂದು ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ಘಮ ನಮ್ಮ ಮನೆಯಿಂದಲೇ ಬರುತ್ತಿತ್ತು! ಒಲೆಯ ಮೇಲೆ ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು.

"ಇದೆಲ್ಲಿಂದ ಬಂತು?" ಎಂದೆ.

"ನೀವ್ ಬ್ಯಾಡ ಅಂದ ದಿನಾನೇ ಶಿವಣ್ಣನ್ ಮನೆಗೋಗಿ ಎರಡು ಗುಡ್ಡೆ ಬರ್ಸಿ ಬಂದೆ" ಎಂದಳು, ಮುದ್ದೆ ತೊಳಸುತ್ತಾ. "ಅವತ್ತೇ ನಿಮ್ಗೆ ಹೇಳಿದ್ರೆ ಬೇಜಾರ್ ಮಾಡ್ಕತಿದ್ರಿ."

ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆದರೂ ಉಂಡ ಮೇಲೆ ಮನಸ್ಸು ತಡೆಯಲಿಲ್ಲ. ಕೊರಡಾದ ರೀಲನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಜಗಲಿಯ ಮೇಲೆ ಕೂತು, ಗೂಡಿನ ಎಳೆ ಹುಡುಕುವ ಹಾಗೆ ಒಂದೊಂದೇ ಎಳೆ ಹುಡುಕಿ ಬಿಡಿಸತೊಡಗಿದೆ. ಮಧ್ಯಾಹ್ನ ಕಳೆಯಿತು, ಕಾಫಿ ಬಂತು, ಹೋಯಿತು. ಮಾವ ಎದುರಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು. ಕೊನೆಯ ಎಳೆಯೂ ತುಂಡಾಗದೆ ಬಿಟ್ಟುಕೊಂಡಾಗ ಬಾಯಿ ತೆರೆದರು.

"ಹೂಂ. ಪರ್ವಾಗಿಲ್ಲ ಕಣಪ್ಪ. ಸಿಕ್ಕು ಬುಡ್ಸೋಕೆ ನಿನ್ ಕೈ ಒಳ್ಳೇದು."

ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ತುಂಬಿ ಬಂತು. ಆ ದಿನ ಮಾಡಿದ್ದನ್ನೇ ವರ್ಷವಿಡೀ ಮಾಡಬೇಕಾಗುತ್ತದೆ ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ರಾಡು ಈಗ ಸಾವಿತ್ರಿಯ ಬಳಿ ಇದೆ. ಅದರ ತುದಿಗೆ ಕೊಕ್ಕೆ ಕಟ್ಟಿ ನುಗ್ಗೆಕಾಯಿ ಕೀಳುತ್ತಾಳೆ. ಬಾಗುವುದಿಲ್ಲ, ಬಹಳ ಅನುಕೂಲ ಎನ್ನುತ್ತಾಳೆ. ಹಬ್ಬ ಕಳೆದು ತಿಂಗಳಾಗುವ ಹೊತ್ತಿಗೆ ಕನಕಪುರದ ಕಡೆಯ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಗೋಣಿಚೀಲ ಬಂತು. ಒಳಗೆ ಮಾವನ ಹಳೆಯ ಮೀನಿನ ಬಲೆ, ಯಾವ ಕಾಲದಿಂದಲೋ ಸಿಕ್ಕುಗಟ್ಟಿ ಮುದ್ದೆಯಾಗಿದ್ದದ್ದು. ಬೇರೆ ಯಾರ ಕೈಲೂ ಆಗೋದಿಲ್ಲ, ಅಳಿಯಂದಿರಿಗೇ ಕೊಡು ಎಂದು ಮಗಳಿಗೆ ಫೋನು ಮಾಡಿದ್ದರಂತೆ.

ಘಟಕದ ಕೆಲಸ ಮುಗಿಸಿ ಬಂದು ಮೂರು ಸಂಜೆ ಕೂತು ಬಿಡಿಸಿದೆ. ಮೂರನೆಯ ಸಂಜೆ ಬಲೆಯ ನಡುವೆ, ಒಣಗಿ ಕಡ್ಡಿಯಾದ, ಕಿರುಬೆರಳುದ್ದದ ಒಂದು ಮೀನು ಕೈಗೆ ಬಂತು. ಸಾವಿತ್ರಿಯನ್ನು ಕರೆದು ತೋರಿಸಿದೆ.

"ನೀವೇ ಹಿಡುದ್ರಾ?" ಎಂದಳು.

"ಹೂಂ" ಎಂದೆ.