ನಾಗಪುರದ ಲಾರಿ ಆಕಾಶಕ್ಕೆ ಹೋದದ್ದು

ನಮ್ಮ ಸೋದರಮಾವನಷ್ಟು ಹಿಂದಿ ಬಲ್ಲವರು ಇಡೀ ರಾಯಕೋಟೆಯಲ್ಲಿ ಇರಲಿಲ್ಲ. ಬೇರೆ ಯಾರಿಗೂ ಒಂದಕ್ಷರ ಬರುತ್ತಿರಲಿಲ್ಲವಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಹುದು. ತಮಿಳುನಾಡಿನ ಗಡಿಯ ನಮ್ಮ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಪುಕ್ಕಟೆ ಸಿಗುತ್ತಿದ್ದವು. ಹಿಂದಿಗೆ ಮಾತ್ರ ಮಾವನೇ ದಿಕ್ಕು. ವಯಸ್ಸಿನಲ್ಲಿ ಒಮ್ಮೆ ಮಾವಿನಹಣ್ಣಿನ ಲಾರಿ ಹತ್ತಿ ನಾಗಪುರಕ್ಕೆ ಹೋಗಿಬಂದಿದ್ದ. ಅವನ ವ್ಯಾಸಂಗವೆಲ್ಲ ಅಷ್ಟೇ.

ಮನೆಗೆ ಟಿ.ವಿ. ಬಂದ ಮೇಲೆ ಈ ವಿದ್ಯೆಗೆ ಬೆಲೆ ಬಂತು. ನಾನು ಆಗ ಉದ್ದನಪಲ್ಲಿಯ ಶಾಲೆಗೆ ಟೀಚರಾಗಿ ಸೇರಿ ಮಾವನ ಮನೆಯಲ್ಲೇ ಇದ್ದೆ. ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ಕಡೆ ಹೊರಟ ಹಡಗೊಂದು ದಾರಿ ತಪ್ಪಿ, ಒಳಗಿನವರು ಭೂಮಿಗೆ ಮರಳಲು ವಾರವಾರವೂ ಒದ್ದಾಡುವ ಕಥೆ. ಅಕ್ಕಪಕ್ಕದವರೆಲ್ಲ ನಡುಮನೆಯಲ್ಲಿ ಸೇರುತ್ತಿದ್ದರು. ಎಲ್ಲರಿಗಿಂತ ಮುಂದೆ, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ನಮ್ಮಜ್ಜಿ. ಅವಳಿಗೆ ಎರಡು ಕಣ್ಣೂ ಹೋಗಿದ್ದವು. ಮಗ ಪಕ್ಕದಲ್ಲಿ ಕೂತು ಹೇಳಿದ್ದೇ ಅವಳಿಗೆ ಚಿತ್ರ.

ಅವನು ಹೇಳುತ್ತಿದ್ದುದಾದರೂ ಏನು! ಹಸಿರು ಮೋರೆಯ ಅನ್ಯಲೋಕದವರು ಹಡಗಿಗೆ ಅಡ್ಡ ನಿಂತರೆ, "ಚೆಕ್‌ಪೋಸ್ಟ್‌ನಾಗೆ ಹಿಡ್ದವ್ರೆ ಕಣಮ್ಮ, ಪೇಪರು ಸರಿಯಿಲ್ವಂತೆ" ಅನ್ನುತ್ತಿದ್ದ. ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತರೆ ಲಾರಿಯಲ್ಲಿ ಹಣ್ಣು ಕೊಳೆಯುತ್ತಿರುವ ಚಿಂತೆ. ಕಲ್ಲಿನ ಮಳೆ ಬಿದ್ದು ಹಡಗು ಅಲ್ಲಾಡಿದರೆ ಟೈರು ಪಂಚರು.

"ಆಕಾಶದಲ್ಲಿ ಟೈರು ಯಾಕೆ ಮಾವ?" ಅಂತ ಒಮ್ಮೆ ಕೇಳಿದೆ.

"ಇಳಿಯಾಕೆ ಬ್ಯಾಡ್ವೇನಮ್ಮಿ?" ಅಂದ. ನಾನೋ ವಿಜ್ಞಾನದ ಟೀಚರು!

ಅಷ್ಟರಲ್ಲಿ ಬಂತಲ್ಲ ಗ್ರಹಚಾರ. ಭೋಪಾಲ್ ಕಡೆಯ ಬ್ಯಾಂಕ್ ಆಫೀಸರೊಬ್ಬರು ವರ್ಗವಾಗಿ ಬಂದು ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಸೇರಿದರು. ಮನೆಮಾತೇ ಹಿಂದಿ! ಮೊದಲ ಭಾನುವಾರವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ಕನ್ನಡದ ಊರಿನಲ್ಲಿ ಕೆಲಸಮಾಡಿ ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ, "ಇವರು ಹೇಳೋದು ಒಂದೂ ಅಲ್ಲಿ ಇಲ್ಲ" ಅಂದರು. ಮಾವನ ಬಾಯಿಂದ ಒಂದು ಹಿಂದಿ ಪದ ಬಿದ್ದರೆ ಸಾಕು, ಅಲ್ಲೇ ತಿದ್ದುತ್ತಿದ್ದರು. ಅಜ್ಜಿ ಮಗನ ಕಿವಿಯಲ್ಲಿ, ಆದರೆ ಬೀದಿಗೆಲ್ಲ ಕೇಳುವಂತೆ, "ಪಾಪ, ಹೊಸಬ್ರು. ನಿನ್ ಹಿಂದಿ ಅವ್ರಿಗೆ ತಿಳೀತಿಲ್ಲ" ಅಂದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಡಗಿನಲ್ಲಿ ಒಬ್ಬ ಚಿಕ್ಕ ಹುಡುಗನಿದ್ದಾನೆ ಎಂದು ಮಾವ ಬಾಯಿಬಿಟ್ಟದ್ದೇ ತಪ್ಪಾಯಿತು. ಅಜ್ಜಿ ಮುನೇಶ್ವರನಿಗೆ ಹರಕೆ ಹೊತ್ತಳು: ಆ ಮಗು ಊರು ಸೇರುವವರೆಗೆ ತನಗೆ ಕಾಫಿ ಬೇಡ. ಊಟ ಬಿಟ್ಟಾಳು, ಕಾಫಿ ಬಿಡುವವಳಲ್ಲ ನಮ್ಮಜ್ಜಿ. ತಲೆನೋವು ಹಿಡಿಯಿತು, ಅನ್ನ ಸೇರದಾಯಿತು, ಮೊದಲೇ ಸಣಕಲು ದೇಹ ಇನ್ನಷ್ಟು ಇಳಿಯಿತು. "ಅದು ಕಥೆ ಅಜ್ಜಿ" ಅಂದರೆ, "ಕಥೆ ಆದ್ರೆ ಮಗೂಗೆ ಹಸಿವಾಗಕಿಲ್ವಾ?" ಅನ್ನುತ್ತಿದ್ದಳು.

ಮಾವ ಒಂದು ವಾರ ತಾನೇ ಹಡಗನ್ನು ಇಳಿಸಿಬಿಡಲು ನೋಡಿದ. "ಬಂದ್ಬುಟ್ರು ಕಣಮ್ಮ" ಅಂದ. ಅಜ್ಜಿ ಕಿವಿ ಆನಿಸಿ, "ಇಂಜಿನ್ನು ಇನ್ನೂ ಗುರ್ ಅಂತೈತೆ. ನನ್ ತಾವ ಸುಳ್ಳು ಯಾಕ್ಲಾ?" ಅಂದಳು. ಧಾರಾವಾಹಿ ಮುಗಿಯದೆ ಕಾಫಿ ಇಲ್ಲ. ಮಾವ ತಾನೂ ಕಾಫಿ ಬಿಟ್ಟ. ಯಾಕೆ ಅಂತ ಕೇಳಿದರೆ ಪಿತ್ತ ಅಂತ ಹೇಳಿದ.

ಕೊನೆಯ ಕಂತು ಬಂತು. ದೂರದಲ್ಲಿ ನೀಲಿ ಭೂಮಿ ಕಾಣಿಸಿತು. ನಮಗೆಲ್ಲ ಜೀವ ಬಂದಂತಾಯಿತು. ಆಗಲೇ ಹಡಗಿಗೆ ಬೆಂಕಿ ಹತ್ತಿ, ನಮ್ಮ ಕಣ್ಣೆದುರೇ ಸಿಡಿದು ಚೂರಾಯಿತು. ಅದನ್ನು ತಿಳಿಯಲು ಯಾವ ಹಿಂದಿಯೂ ಬೇಕಿರಲಿಲ್ಲ.

"ಏನಪ್ಪಾ ಅದು ಸದ್ದು?" ಅಂದಳು ಅಜ್ಜಿ.

ಮಾವ ಟಿ.ವಿ.ಯನ್ನೇ ನೋಡುತ್ತಿದ್ದ. "ಪಟಾಕಿ ಕಣಮ್ಮ" ಅಂದ. "ಊರು ಸೇರುದ್ರಲ್ಲ, ಜನ ಹೊಡೀತಾವ್ರೆ."

ನಡುಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಕಣ್ಣಿಲ್ಲದವಳಿಗೆ ಆ ಮೌನ ಕೇಳಿಸದೆ ಇರುತ್ತದೆಯೇ? ಅಜ್ಜಿ ಕತ್ತು ತಿರುಗಿಸಿದಳು. "ನೀನ್ ನನ್ ಮಗ, ನನ್ಗೋಸ್ಕರ ಏನ್ ಬೇಕಾದ್ರೂ ಹೇಳ್ತೀಯ. ಬ್ಯಾಂಕಿನ ಸಾಮಿ, ಹಿಂದಿ ಬರೋದು ನಿಮ್ಗೆ. ನೀವ್ ಹೇಳಿ."

ಅಂದರೆ ಮಗನ ಹಿಂದಿ ಎಷ್ಟೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮಾವ ತಲೆ ತಗ್ಗಿಸಿದ. ತಪ್ಪು ತಿದ್ದುವುದೇ ಕಸುಬೆಂಬಂತಿದ್ದ ಆಫೀಸರು ಅಜ್ಜಿಯ ಮುಖ ನೋಡಿದರು, ಮಾವನ ಮುಖ ನೋಡಿದರು.

"ಎಲ್ಲಾ ಬಂದ್ರು ಅಮ್ಮಾ" ಅಂದರು. "ಲಾರಿ ನಿಂತಿದೆ. ಹುಡುಗ ಮೊದಲು ಇಳಿದ."

ಅಜ್ಜಿ ಮುನೇಶ್ವರನ ದಿಕ್ಕಿಗೆ ಕೈ ಮುಗಿದಳು. "ಹಂಗಾದ್ರೆ ಕಾಫಿ ತತ್ತಾರ್ಲಾ" ಅಂದಳು ಮಗನಿಗೆ.

ಎಂದೂ ಒಲೆ ಮುಂದೆ ನಿಲ್ಲದ ಮಾವ ತಾನೇ ಒಳಗೆ ಹೋಗಿ ಕಾಫಿ ಕಾಸಿ ತಂದ. ಲೋಟವನ್ನು ತಾಯಿಯ ಕೈಗಿಟ್ಟು, ಅವಳ ಬೆರಳುಗಳ ಮೇಲೆ ತನ್ನ ಬೆರಳು ಒತ್ತಿ ಹಿಡಿದ. ಅಜ್ಜಿ ಒಂದು ಗುಟುಕು ಕುಡಿದು, "ಆ ಮಗೂಗೂ ಕುಡಿಯಾಕ್ ಹೇಳು" ಅಂದಳು.

ಟಿ.ವಿ.ಯಲ್ಲಿ ಆಗಲೇ ಸೋಪಿನ ಜಾಹೀರಾತು ಬರುತ್ತಿತ್ತು. ಮಾವ ಅದರ ಕಡೆ ತಿರುಗಿ, ಸತ್ತುಹೋದ ಹುಡುಗನಿಗೆ ಕಾಫಿ ಕುಡಿಯಪ್ಪಾ ಅಂತ ತನ್ನ ನಾಗಪುರದ ಹಿಂದಿಯಲ್ಲಿ ಹೇಳಿದ. ವಾರವಾರವೂ ತಿದ್ದುಪಡಿ ಕೇಳಿ ಕೇಳಿ, ಮಾತಿನ ತುಂಬ ತಪ್ಪಿತ್ತೆಂದು ನನಗೂ ಗೊತ್ತಾಯಿತು. ಆಫೀಸರು ತಿದ್ದಲಿಲ್ಲ.