ಪ್ಲಂಕೆಟ್ ಕೌಂಟಿ ಬಂದೂಕು ಕೊಂಡ ಕ್ರಮ

ಪ್ಲಂಕೆಟ್ ಕೌಂಟಿಯ ಪೊಲೀಸ್ ತರಬೇತಿ ಶಾಲೆಯಲ್ಲಿ ಗುಂಡು ಹೊಡೆಯುವುದನ್ನು ಕಲಿಸಲು ಬೇಕಾದ ಎಲ್ಲ ಸೌಕರ್ಯವೂ ಇತ್ತು. ಬಂದೂಕು ಮಾತ್ರ ಇರಲಿಲ್ಲ. ಮೈದಾನದ ಕೊನೆಗೆ ಮಣ್ಣಿನ ದಿಬ್ಬವಿತ್ತು. ನಿಲ್ಲುವ ಜಾಗಕ್ಕೆ ಹಳದಿ ಗೆರೆ, ತಲೆಯ ಮೇಲೆ ತಗಡಿನ ಮಾಡು, ಕಿವಿಗೆ ಮುಚ್ಚಳ, ಮೂಲೆಯಲ್ಲಿ ಕಾಫಿ ಯಂತ್ರ. ಕಪಾಟಿನ ತುಂಬ ಗುಂಡುಗಳೂ ಇದ್ದವು. ಇವೆಲ್ಲಕ್ಕೂ ಹಣ ಬಂದದ್ದು ಶಾಲೆಯ ಬಂದೂಕುಗಳನ್ನು ಲಾಟರಿಗೆ ಇಟ್ಟಿದ್ದರಿಂದ. ಗುಂಡುಗಳು ಉಳಿದದ್ದಕ್ಕೂ ಕಾರಣವಿದೆ: ಬರೀ ಗುಂಡಿಗೆ ಯಾರೂ ಚೀಟಿ ಕೊಳ್ಳುವುದಿಲ್ಲ.

ಅಮೆರಿಕದ ಜೋಳದ ಸೀಮೆಯ ಆ ಭಾಗದಲ್ಲಿ ಸಾರ್ವಜನಿಕ ಕೆಲಸಗಳು ನಡೆಯುವುದೇ ಹಾಗೆ. ಮೆಥಡಿಸ್ಟ್ ಚರ್ಚಿನ ಆರ್ಗನ್ ವಾದ್ಯ ಕೆಟ್ಟಾಗ ಒಂದು ಶಾಟ್‌ಗನ್ ಲಾಟರಿಗೆ ಇಟ್ಟರು, ಆರ್ಗನ್ ಮತ್ತೆ ಹಾಡಿತು. ಶಾಲಾಮಕ್ಕಳ ಬ್ಯಾಂಡಿಗೆ ತುತ್ತೂರಿ ಬೇಕಾದಾಗ ಜಿಂಕೆ ಬೇಟೆಯ ರೈಫಲ್ ಇಟ್ಟರು. ಅಗ್ನಿಶಾಮಕ ದಳದವರಂತೂ ಪ್ರತಿ ವರ್ಷ ಕರಿದ ಮೀನಿನ ಊಟ ಹಾಕಿ, ಊಟದ ಕೊನೆಗೆ ಒಂದು ಪಿಸ್ತೂಲು ಹಂಚುತ್ತಿದ್ದರು. ಹೀಗಾಗಿ ಕೌಂಟಿಯಲ್ಲಿ ಬಂದೂಕಿಲ್ಲದ ಮನೆ ಇರಲಿಲ್ಲ. ಬಂದೂಕಿಲ್ಲದ ಕಟ್ಟಡವೆಂದರೆ ಪೊಲೀಸ್ ತರಬೇತಿ ಶಾಲೆಯೊಂದೇ.

ಇದನ್ನು ಕೊರತೆಯೆಂದು ತಿಳಿದವರು ಒಬ್ಬರೇ, ಶಾಲೆಯ ತರಬೇತುದಾರ ಸಾರ್ಜಂಟ್ ಲೀಲಂಡ್ ವಾಸ್. ಅವರು ಸುಳ್ಳು ಬರೆಯದ ಮನುಷ್ಯ. ಆ ವರ್ಷ ಅವರ ಕೈಕೆಳಗೆ ಆರು ಮಂದಿ ಹೊಸಬರಿದ್ದರು. ಅಕ್ಟೋಬರಿನಲ್ಲಿ ರಾಜಧಾನಿಯಿಂದ ಇನ್ಸ್‌ಪೆಕ್ಟರ್ ಬರುವುದರೊಳಗೆ ಆರೂ ಜನ ಪಿಸ್ತೂಲು, ಶಾಟ್‌ಗನ್ ಎರಡರಲ್ಲೂ ಗುರಿ ಹೊಡೆದು ತೋರಿಸಬೇಕು. ಇಲ್ಲವಾದರೆ ಶಾಲೆಗೆ ಬೀಗ, ಹುಡುಗರು ಮನೆಗೆ. ಅವರಲ್ಲಿ ಡಾರ್ಲಾ ಕೋಪ್ ಎಂಬ ಹುಡುಗಿ ಕೋಳಿ ಕಾರ್ಖಾನೆಯ ಕೆಲಸ ಬಿಟ್ಟು ಬಂದಿದ್ದಳು. ಪೊಲೀಸ್ ಬಿಲ್ಲೆಯನ್ನು ತಾವೇ ಅವಳ ಎದೆಗೆ ಸಿಕ್ಕಿಸುವುದಾಗಿ ವಾಸ್ ಅವಳ ತಾಯಿಗೆ ಮಾತು ಕೊಟ್ಟಿದ್ದರು. ಆ ತಾಯಿ ಸಮವಸ್ತ್ರಕ್ಕೆ ಆಗಲೇ ಇಸ್ತ್ರಿ ಹಾಕಿಟ್ಟಿದ್ದಳು.

ಡಾರ್ಲಾಳ ಮನೆಯಲ್ಲಿ ಎರಡು ಶಾಟ್‌ಗನ್ ಇದ್ದವು. ಒಂದು ಆರ್ಗನ್ನಿನ ಲಾಟರಿಯಲ್ಲಿ ಗೆದ್ದದ್ದು, ಇನ್ನೊಂದು ಬ್ಯಾಂಡಿನವರು ಮುಂದಿನ ವರ್ಷ ಡೋಲಿಗಾಗಿ ಇಟ್ಟದ್ದು. ಆದರೆ ಖಾಸಗಿ ಬಂದೂಕು ಶಾಲೆಯ ಗೇಟು ದಾಟಬಾರದೆಂದು ನಿಯಮವಿತ್ತು. ಕರ್ತವ್ಯದ ಮೇಲಿರುವ ಪೊಲೀಸರ ಬಂದೂಕನ್ನು ಕಲಿಕೆಗೆ ಬಳಸಬಾರದೆಂದೂ ಇತ್ತು, ಬಳಸಿದರೆ ಅದು ಹಳೆಯದಾಗುತ್ತದೆ. ಎರಡೂ ನಿಯಮಗಳನ್ನು ಹಿಂದೊಮ್ಮೆ ಬರೆದವರು ವಾಸ್ ಅವರೇ. ಆದ್ದರಿಂದ ಅವರು ಅವುಗಳ ವಿರುದ್ಧ ಏನೂ ಹೇಳುವಂತಿರಲಿಲ್ಲ.

ಅವರು ಕೌಂಟಿಗೆ ಬರೆದುಕೊಂಡರು. ಕೌಂಟಿಯು ತಡಮಾಡದೆ ‘ಕೈಗೆಟಕುವ ಬೆಲೆಯ ಪಿಸ್ತೂಲು ಹಾಗೂ ಶಾಟ್‌ಗನ್ ಆಯ್ಕೆ ಸಮಿತಿ’ಯನ್ನು ರಚಿಸಿತು. ಆಡಳಿತ ಮಂಡಳಿಯ ಆರ್ವಿಲ್ ಸ್ಟಾನೆಕ್ ಅಧ್ಯಕ್ಷರು, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ವೆಂಡೆಲ್ ಕ್ರೌಸ್ ಸದಸ್ಯರು. ವಾಸ್ ಅವರನ್ನು ಪರಿಣತರೆಂದು ಕರೆಸಿಕೊಂಡಿದ್ದರಿಂದ ಅವರಿಗೆ ಮತವಿರಲಿಲ್ಲ. ಸಭೆಗಳು ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ನಡೆದವು, ಏಕೆಂದರೆ ಅಲ್ಲಿನ ಚೆರಿ ಹಣ್ಣಿನ ಪೈ ಚೆನ್ನಾಗಿತ್ತು.

ಮೊದಲ ಸಭೆಯಲ್ಲಿ ವಾಸ್ ತಮ್ಮ ಅಭಿಪ್ರಾಯ ತಿಳಿಸಿದರು. ಒಂಬತ್ತು ಮಿಲಿಮೀಟರಿನ ಪಿಸ್ತೂಲು ಸಾಕು, ಅದರ ಗುಂಡು ಅಗ್ಗ, ಸಣ್ಣ ಕೈಯವರೂ ಹಿಡಿಯಬಹುದು. ಶಾಟ್‌ಗನ್ ಆದರೆ ಕೈಯಲ್ಲೇ ಹಿಂದಕ್ಕೆ ಮುಂದಕ್ಕೆ ಎಳೆದು ತೋಟಾ ಏರಿಸುವಂಥದ್ದು. ಕೆಡುವ ಭಾಗ ಕಡಿಮೆ, ಕೊಳ್ಳುವಾಗ ಅದು ಭುಜಕ್ಕೆ ಎಷ್ಟು ಒದೆಯುತ್ತದೆಂದು ನೋಡಿಕೊಳ್ಳಬೇಕು. ಸಮಿತಿಯು ಇದನ್ನೆಲ್ಲ ಗಮನವಿಟ್ಟು ಕೇಳಿ, ಇದು ಬಂದೂಕಿಗೆ ಸಂಬಂಧಿಸಿದ್ದೆಂದೂ ತಮ್ಮ ಮುಂದಿರುವುದು ಬೆಲೆಯ ಪ್ರಶ್ನೆಯೆಂದೂ ದಾಖಲಿಸಿತು. ‘ಕೈಗೆಟಕುವ ಬೆಲೆ’ ಎಂದರೆ, ಅದನ್ನು ಕೇಳಿದಾಗ ಅಧ್ಯಕ್ಷರು ಕೈಯಲ್ಲಿರುವ ಫೋರ್ಕನ್ನು ಕೆಳಗಿಡದಷ್ಟು ಬೆಲೆ ಎಂದು ಎರಡನೆಯ ಸಭೆಯಲ್ಲಿ ತೀರ್ಮಾನವಾಯಿತು.

ಮೂವರು ವ್ಯಾಪಾರಿಗಳಿಂದ ದರಪಟ್ಟಿ ತರಿಸಬೇಕೆಂಬುದು ಕಾನೂನು. ಕೌಂಟಿಯಲ್ಲಿ ಬಂದೂಕು ಮಾರುವವನು ಅಧ್ಯಕ್ಷರ ಭಾವಮೈದ ಡೆನ್ನಿ ಒಬ್ಬನೇ. ಆದರೂ ಕಾನೂನಿಗೆ ಭಂಗ ಬರಲಿಲ್ಲ, ಏಕೆಂದರೆ ಡೆನ್ನಿಗೆ ಒಂದೇ ಮಾಡಿನ ಕೆಳಗೆ ಮೂರು ಅಂಗಡಿಗಳಿದ್ದವು: ಬಂದೂಕು, ಮೀನುಗಾಳ ಮತ್ತು ಮದುವೆಯ ಕೇಕು. ಮೂರರಿಂದಲೂ ದರಪಟ್ಟಿ ಬಂತು. ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿದ್ದು ಕೇಕಿನ ಅಂಗಡಿ. ಬಂದೂಕು ವ್ಯಾಪಾರದ ಖರ್ಚುವೆಚ್ಚ ಅದಕ್ಕಿರಲಿಲ್ಲ.

“ಅಧ್ಯಕ್ಷರೇ, ಅದು ಕೇಕಿನ ಅಂಗಡಿ,” ಎಂದರು ವಾಸ್.

“ಅವ್ನ ಕೇಕ್ ತಿಂದಿದೀರಾ ಸಾರ್ಜಂಟ್?”

“ತಿಂದಿದೀನಿ.”

“ಏನಾದ್ರೂ ದೂರಿದೆಯಾ?”

“ಕೇಕಿನ ಬಗ್ಗೆ ಇಲ್ಲ.”

“ಬರ್ಕೊಳ್ಳಿ ಶೆರಿಫ್,” ಎಂದರು ಸ್ಟಾನೆಕ್. “ಸರಬರಾಜುದಾರರ ಗುಣಮಟ್ಟದ ಬಗ್ಗೆ ಪರಿಣತರಿಗೆ ದೂರಿಲ್ಲ.”

ಕೌಂಟಿಯು ಒಂದು ಪಿಸ್ತೂಲು, ಒಂದು ಶಾಟ್‌ಗನ್ನಿಗೆ ಮಂಜೂರಾತಿ ಕೊಟ್ಟಿತು. ಎರಡೂ ಕೇಕಿನ ಡಬ್ಬದಲ್ಲಿ ಬಂದವು. ಉದ್ದದ ಡಬ್ಬದ ಮೇಲೆ ಸಕ್ಕರೆಯ ಗುಲಾಬಿಯ ಚಿತ್ರವಿತ್ತು. ವಾಸ್ ಬಿಚ್ಚಿ, ನೋಡಿ, ಸಮಾಧಾನಪಟ್ಟರು. ಡೆನ್ನಿ ಒಳ್ಳೆಯ ಮಾಲನ್ನೇ ಕಳಿಸಿದ್ದ. ಆರು ಜನಕ್ಕೆ ಬೇಕಾದ ಹನ್ನೆರಡರಲ್ಲಿ ಉಳಿದ ಹತ್ತು ಬಂದೂಕುಗಳನ್ನು ‘ರೂಢಿಯಲ್ಲಿರುವ ಕ್ರಮದಲ್ಲಿ’ ಹೊಂದಿಸಿಕೊಳ್ಳತಕ್ಕದ್ದು ಎಂದು ಮಂಜೂರಾತಿಯ ಕೊನೆಯ ಸಾಲಿನಲ್ಲಿತ್ತು. ರೂಢಿಯಲ್ಲಿದ್ದ ಕ್ರಮ ಒಂದೇ.

ಮರುದಿನ ಪ್ರಕಟಣೆ ಹೊರಬಿತ್ತು: “ಪೊಲೀಸ್ ತರಬೇತಿಗೆ ಬಂದೂಕು ಕೊಳ್ಳುವ ಸಹಾಯಾರ್ಥ ಲಾಟರಿ. ಬಹುಮಾನ: ಪೊಲೀಸ್ ತರಬೇತಿಗೆಂದು ಕೊಂಡ ಬಂದೂಕುಗಳು.”

ವಾಸ್ ಶೆರಿಫರ ಬಳಿಗೆ ಹೋದರು. ಬಂದೂಕನ್ನು ಗೆದ್ದವರು ಒಯ್ದರೆ ಹುಡುಗರು ಯಾವುದರಲ್ಲಿ ಕಲಿಯಬೇಕು ಎಂದು ಕೇಳಿದರು. ಬಂದ ಹಣದಲ್ಲಿ ಹೊಸದನ್ನು ತರೋಣ ಎಂದರು ಶೆರಿಫ್. ತಂದದ್ದನ್ನು ಏನು ಮಾಡುವಿರಿ ಎಂದು ವಾಸ್ ಕೇಳಿದರು. ಶೆರಿಫ್ ಕ್ರೌಸ್ ಚೀಟಿಯ ಕಟ್ಟುಗಳನ್ನು ಎಣಿಸುತ್ತಲೇ ಹೇಳಿದರು:

“ಚರ್ಚಿನವ್ರು ಆರ್ಗನ್‌ಗೆ ಬಂದೂಕು ಇಟ್ರಲ್ಲ, ನೀವು ಆಗ ಏನೂ ಅನ್ಲಿಲ್ಲ.”

“ಅವ್ರು ಆರ್ಗನ್ ಇಡ್ಲಿಲ್ಲ ಶೆರಿಫ್.”

“ಅದನ್ನ ಯಾರ್ ತಗೋತಾರೆ,” ಎಂದರು ಕ್ರೌಸ್ ಸಮಾಧಾನವಾಗಿ.

ಆರು ಮಂದಿ ಹೊಸಬರು ತಗಡಿನ ಮಾಡಿನ ಕೆಳಗಿಂದ ಎದ್ದು ದಿನಸಿ ಅಂಗಡಿಯ ಬಾಗಿಲಿಗೆ ಹೋಗಿ ಚೀಟಿ ಮಾರಿದರು. ಚೆನ್ನಾಗಿಯೇ ಮಾರಿದರು. ಅಗ್ನಿಶಾಮಕ ದಳದ ಹಜಾರದಲ್ಲಿ ಮೀನು ಕರಿದು, ಚೀಟಿ ಎತ್ತಿ, ಹೆಸರು ಕೂಗಿದರು. ಎರಡೂ ಬಹುಮಾನ ಹೋದದ್ದು ಆರ್ವಿಲ್ಲಾ ಡುಬೆಕ್ ಎಂಬ ವೃದ್ಧೆಗೆ. ಆಕೆ ಡಬ್ಬ ತೆರೆದು ನೋಡಿ ಬೇಸರಪಟ್ಟಳು. ಚೀಟಿಗಳನ್ನು ಅವಳು ಡಬ್ಬದ ಮೇಲಿನ ಚಿತ್ರ ನೋಡಿ ಕೊಂಡಿದ್ದಳು.

ಬಂದ ಹಣ ಖಜಾನೆಗೆ ಹೋಯಿತು. ಅದರಿಂದ ಹೊಸ ಪಿಸ್ತೂಲು, ಶಾಟ್‌ಗನ್ ಬಂದವು. ಜನರಲ್ಲಿ ಇಷ್ಟು ಉತ್ಸಾಹ ಇರುವಾಗ ಮುಂದಿನ ಲಾಟರಿಯನ್ನು ಮುಂದೂಡುವುದು ಸರಿಯಲ್ಲವೆಂದೂ, ಬಹುಮಾನವನ್ನು ಕೈಯಲ್ಲಿಟ್ಟುಕೊಳ್ಳದೆ ಚೀಟಿ ಮಾರುವುದು ಅಪರಾಧವೆಂದೂ ಸಮಿತಿ ಅಭಿಪ್ರಾಯಪಟ್ಟಿತು. ಹೊಸ ಬಂದೂಕುಗಳು ಡಬ್ಬದಿಂದ ಹೊರಗೆ ಬರಲಿಲ್ಲ. ಸೆಪ್ಟೆಂಬರ್ ಬಂತು. ಡಾರ್ಲಾ ಒಂದು ಸಂಜೆ ವಾಸ್ ಅವರ ಎದುರು ನಿಂತು, ಕೋಳಿ ಕಾರ್ಖಾನೆಯಲ್ಲಿ ತನ್ನ ಜಾಗ ಇನ್ನೂ ಖಾಲಿ ಇದೆಯಂತೆ, ಹೋಗಿ ಕೇಳಲೇ ಎಂದಳು. ವಾಸ್ ಟೋಪಿ ಹಾಕಿಕೊಂಡು ನೇರವಾಗಿ ಆರ್ವಿಲ್ಲಾಳ ಮನೆಗೆ ಹೋದರು.

“ಬಾ ಲೀಲಂಡ್, ಶೂ ಒರೆಸ್ಕೊಂಡು ಬಾ,” ಎಂದಳು ಮುದುಕಿ. ಚಿಕ್ಕಂದಿನಲ್ಲಿ ಅವರಿಗೆ ಭಾನುವಾರದ ಬೈಬಲ್ ಪಾಠ ಹೇಳಿಕೊಟ್ಟವಳು ಅವಳು. ಬಂದೂಕು ಎರವಲು ಬೇಕೆಂದು ಅವರು ಹೇಳಿದಾಗ ಅವಳಿಗೆ ಸಂತೋಷವೇ ಆಯಿತು. ವರ್ಷವರ್ಷದ ಲಾಟರಿಗಳಲ್ಲಿ ಗೆದ್ದ ಬಂದೂಕುಗಳಿಂದಾಗಿ ಅವಳ ಕೋಟು ತೂಗುಹಾಕುವ ಕಪಾಟಿನಲ್ಲಿ ಕೋಟಿಗೆ ಜಾಗವಿರಲಿಲ್ಲ. “ಎಲ್ಲಾನೂ ತಗೊಂಡ್ಹೋಗಪ್ಪ. ನಂಗೊಂದು ಕೇಕ್ ಕಳ್ಸು ಸಾಕು.”

ಆದರೆ ಕೌಂಟಿಯ ವಕೀಲರು ಒಪ್ಪಲಿಲ್ಲ. ಪೊಲೀಸರು ನಾಗರಿಕರಿಂದ ಬಂದೂಕು ಎರವಲು ಪಡೆಯುವಂತಿಲ್ಲ, ದಾನ ಪಡೆದರೆ ಅದು ಲಂಚ. ನಾಗರಿಕರ ಬಂದೂಕು ಪೊಲೀಸರ ಕೈಗೆ ಕಾನೂನುಬದ್ಧವಾಗಿ ಬರುವ ದಾರಿ ಒಂದೇ: ತಪ್ಪು ಮಾಡುವಾಗ ಸಿಕ್ಕಿಬಿದ್ದವರಿಂದ ವಶಪಡಿಸಿಕೊಳ್ಳುವುದು. ಮೊದಲ ತಪ್ಪಾದರೆ ಎಚ್ಚರಿಕೆ ಕೊಟ್ಟು ಸಂಜೆಯೊಳಗೆ ಹಿಂದಿರುಗಿಸಬಹುದು. ಎಚ್ಚರಿಕೆ ಕೊಟ್ಟ ತಪ್ಪು ಆ ವ್ಯಕ್ತಿಯ ದಾಖಲೆಗೆ ಹೋಗುವುದಿಲ್ಲವಾದ್ದರಿಂದ, ಮುಂದಿನದೂ ಮೊದಲ ತಪ್ಪೇ ಆಗುತ್ತದೆ.

ವಾಸ್ ವಕೀಲರ ಪತ್ರವನ್ನು ಮತ್ತೆ ಮತ್ತೆ ಓದಿದರು. ಅದರಲ್ಲಿ ಸುಳ್ಳು ಎಲ್ಲೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಅಂದಿನಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಆರ್ವಿಲ್ಲಾ ಡುಬೆಕ್ ತನ್ನ ಹಳೆಯ ನೀಲಿ ಕಾರಿನಲ್ಲಿ ಬಂದೂಕುಗಳನ್ನು ಹೇರಿಕೊಂಡು ಬಂದು, ಶಾಲೆಯ ಎದುರು, ವಾಹನ ನಿಲ್ಲಿಸಬಾರದೆಂದು ಬರೆದಿದ್ದ ಕಡೆ ನಿಲ್ಲಿಸತೊಡಗಿದಳು. ಹೊಸಬರು ಅವಳನ್ನು ಸುತ್ತುವರಿದು, ಬಂಧಿತರ ಹಕ್ಕುಗಳನ್ನು ಓದಿ ಹೇಳಿ, ಬಂದೂಕುಗಳನ್ನು ವಶಪಡಿಸಿಕೊಂಡು ಗೇಟಿನೊಳಗೆ ಓಡುತ್ತಿದ್ದರು. ವಶಪಡಿಸಿಕೊಂಡ ಬಂದೂಕು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಪೊಲೀಸರ ಕರ್ತವ್ಯ. ಸಂಜೆಯವರೆಗೆ ಪರೀಕ್ಷಿಸುತ್ತಿದ್ದರು. ಡಾರ್ಲಾ ಮೊದಲ ದಿನ ಮಣ್ಣಿನ ದಿಬ್ಬಕ್ಕೆ ಹೊಡೆದಳು, ಎರಡನೆಯ ವಾರ ಗುರಿಯ ಹಲಗೆಗೆ, ಆಮೇಲೆ ಹಲಗೆಯ ನಡುವಿಗೆ. ಆರ್ವಿಲ್ಲಾ ತಗಡಿನ ಮಾಡಿನ ಕೆಳಗೆ ಬಂಧನದಲ್ಲಿ ಕೂತು ಕೇಕು ತಿನ್ನುತ್ತಿದ್ದಳು.

ಮೂರನೆಯ ವಾರ ಅವಳು ವಾಸ್ ಅವರನ್ನು ಪಕ್ಕಕ್ಕೆ ಕರೆದಳು. “ಪ್ರತಿ ವಾರಾನೂ ಅದೇ ತಪ್ಪು ಮಾಡಿದ್ರೆ ಮಕ್ಳಿಗೆ ಬೇಜಾರಾಗಲ್ವೇನೋ? ಇವತ್ತು ಕೆಂಪು ದೀಪ ದಾಟ್ಲಾ?”

“ದಾಟಬಹುದು ಅಮ್ಮಾ. ನಿಧಾನವಾಗಿ,” ಎಂದರು ವಾಸ್.

ಅಕ್ಟೋಬರಿನ ಮಂಗಳವಾರವೊಂದರಲ್ಲಿ ಇನ್ಸ್‌ಪೆಕ್ಟರ್ ಕಾರ್ಮಕ್ ಟೀಗ್ ಬಂದಿಳಿದರು. ಅವರು ಕಾರಿನ ಬಾಗಿಲು ಹಾಕುವಷ್ಟರಲ್ಲಿ ಆರ್ವಿಲ್ಲಾ ಹಾರ್ನ್ ಒತ್ತಿಕೊಂಡೇ ಏಕಮುಖ ರಸ್ತೆಯಲ್ಲಿ ಎದುರಿನಿಂದ ಬಂದಳು. ಡಾರ್ಲಾ ಕೈ ಅಡ್ಡ ಹಿಡಿದು ನಿಂತಳು. ಕಾರಿನಿಂದ ನಾಲ್ಕು ಶಾಟ್‌ಗನ್, ಮೂರು ಪಿಸ್ತೂಲು ಹೊರಬಂದವು. ಟೀಗ್ ಅವರ ಮುಖ ಬಿಳಿಚಿಕೊಂಡಿತು.

“ಈಕೆ ಹಿಂದೆ ಎಷ್ಟು ಸಲ ಸಿಕ್ಕಿಬಿದ್ದಿದಾರೆ?”

“ದಾಖಲೆ ಪ್ರಕಾರ ಇದೇ ಮೊದಲು ಸರ್,” ಎಂದರು ವಾಸ್.

“ಇನ್ಮೇಲೆ ಸರಿ ಹೋಗ್ತಾರೆ ಅನ್ನೋ ನಂಬಿಕೆ ಇದೆಯಾ?”

“ಇಲ್ಲ ಸರ್,” ಎಂದರು ವಾಸ್, ಸತ್ಯವಾಗಿ.

ಮಧ್ಯಾಹ್ನದ ಹೊತ್ತಿಗೆ ಆರೂ ಜನ ಎರಡೂ ಬಂದೂಕಿನಲ್ಲಿ ಗುರಿ ಹೊಡೆದು ತೋರಿಸಿದ್ದರು. ಟೀಗ್ ಎಲ್ಲವನ್ನೂ ನೋಡಿದರು, ಬಂಧಿತಳ ಜೊತೆ ಕೂತು ಒಂದು ತುಂಡು ಕೇಕು ತಿಂದರು, ಹೋಗುವಾಗ ಲಾಟರಿಯ ಎರಡು ಚೀಟಿಯನ್ನೂ ಕೊಂಡರು. ವಾಸ್ ಮೈದಾನದಲ್ಲೇ ಡಾರ್ಲಾಳ ಎದೆಗೆ ಬಿಲ್ಲೆ ಸಿಕ್ಕಿಸಿದರು. ನೋಡಲು ಬಂದಿದ್ದ ಅವಳ ತಾಯಿ ಅತ್ತಳು, ಆರ್ವಿಲ್ಲಾಳೂ ಬಂಧನದಿಂದಲೇ ಅತ್ತಳು.

ಟೀಗ್ ಅವರ ವರದಿಯಲ್ಲಿ, ಶಾಲೆಯ ಹೊಸಬರು ಬಂದೂಕು ವಶಪಡಿಸಿಕೊಳ್ಳುವುದರಲ್ಲಿ ಇಡೀ ರಾಜ್ಯಕ್ಕೇ ಮೊದಲಿಗರೆಂದಿತ್ತು. ಸಣ್ಣ ಕೌಂಟಿಯೊಂದು ಇಷ್ಟು ಭೀಕರ ಅಪರಾಧ ಪರಿಸ್ಥಿತಿಯನ್ನು ಇಷ್ಟು ಶಾಂತವಾಗಿ ಎದುರಿಸುತ್ತಿರುವುದನ್ನು ಮೆಚ್ಚಿ ರಾಜ್ಯವು ವಿಶೇಷ ಅನುದಾನ ಕೊಟ್ಟಿತು. ಅಪರಾಧ ಕಡಿಮೆಯಾದರೆ ಅನುದಾನ ನಿಲ್ಲುತ್ತದೆಂಬ ಷರತ್ತಿತ್ತು. ಅನುದಾನದಲ್ಲಿ ಬಂದೂಕು ಕೊಳ್ಳಬಹುದಲ್ಲವೇ ಎಂದು ವಾಸ್ ಈ ಬಾರಿ ಕೇಳಲಿಲ್ಲ. ಕೌಂಟಿ ಬಂದೂಕು ಕೊಂಡಿತು. ಮುಂದಿನ ಲಾಟರಿಯ ಬಹುಮಾನ ಹಿಂದೆಂದಿಗಿಂತ ಭವ್ಯವಾಗಿತ್ತು.

ಚಳಿ ಬಿದ್ದಾಗ ಆರ್ವಿಲ್ಲಾ, ತಾನು ಫ್ಲೋರಿಡಾದಲ್ಲಿರುವ ತಂಗಿಯ ಮನೆಗೆ ಹೋಗಿ ವಸಂತಕ್ಕೆ ಬರುವುದಾಗಿ ತಿಳಿಸಿದಳು. ಶೆರಿಫ್ ಕಳವಳಗೊಂಡರು. ಅವಳು ಹೋದರೆ ಕೌಂಟಿಯ ಅಪರಾಧ ಪ್ರಮಾಣ ಸೊನ್ನೆಗೆ ಇಳಿಯುತ್ತಿತ್ತು. ಕೂಡಲೇ ಪ್ರಕಟಣೆ ಹೊರಡಿಸಲಾಯಿತು:

“ತಾತ್ಕಾಲಿಕ ಅಪರಾಧಿಯ ಹುದ್ದೆಗೆ ಅರ್ಜಿ ಆಹ್ವಾನಿಸಲಾಗಿದೆ. ಅಭ್ಯರ್ಥಿಯ ಬಳಿ ಸ್ವಂತ ಪಿಸ್ತೂಲು, ಶಾಟ್‌ಗನ್ ಹಾಗೂ ಕಾರು ಇರತಕ್ಕದ್ದು. ಮಂಗಳವಾರ ಬಿಡುವಿರತಕ್ಕದ್ದು. ನಡತೆ ಶುದ್ಧವಾಗಿರತಕ್ಕದ್ದು. ಹಿಂದೆ ಅಪರಾಧ ಎಸಗಿದವರನ್ನು ಪರಿಗಣಿಸಲಾಗುವುದಿಲ್ಲ.”

ಪೊಲೀಸ್ ಕೆಲಸಕ್ಕೆ ಎಂದೂ ಬಾರದಷ್ಟು ಅರ್ಜಿಗಳು ಬಂದವು. ಸಂದರ್ಶನದ ಹೊಣೆಯನ್ನು ವಾಸ್ ಅವರಿಗೇ ವಹಿಸಲಾಯಿತು, ಅವರು ಯಾರ ಮುಲಾಜಿಗೂ ಬೀಳುವವರಲ್ಲವೆಂದು. ಅವರು ಮೊದಲ ದಿನವೇ ಮೂವರನ್ನು ತಿರಸ್ಕರಿಸಿದರು: ಮೂವರೂ ಸಂದರ್ಶನಕ್ಕೆ ಬಂದಾಗ ಕಾರನ್ನು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದರು. ಎರಡನೆಯ ದಿನ ಬಂದವರು ಸಮಿತಿಯ ಅಧ್ಯಕ್ಷ ಆರ್ವಿಲ್ ಸ್ಟಾನೆಕ್. ಕಾರು ಗೇಟಿಗೆ ಅಡ್ಡವಾಗಿತ್ತು.

“ಸಾರ್ವಜನಿಕ ಜೀವನದಲ್ಲಿ ಎಷ್ಟು ವರ್ಷದಿಂದ ಇದ್ದೀರಿ?” ಎಂದು ವಾಸ್ ಕೇಳಿದರು.

“ಮೂವತ್ತು.”

“ಏನಾದ್ರೂ ಅಪರಾಧ ದಾಖಲಾಗಿದೆಯಾ?”

“ಒಂದೂ ಇಲ್ಲ.”

ವಾಸ್ ಕನ್ನಡಕ ಏರಿಸಿಕೊಂಡು, ‘ಸಾಕಷ್ಟು ಅನುಭವವಿದೆ’ ಎಂದು ಬರೆದರು. ಮುಂದಿನ ಮಂಗಳವಾರ ಡಾರ್ಲಾ ಕೋಪ್ ಅಧ್ಯಕ್ಷರ ಕಾರನ್ನು ನಡುರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ, ದಿನಸಿ ಅಂಗಡಿಯಿಂದ ಹೊರಬರುತ್ತಿದ್ದ ಜನ ಒಂದು ಗಳಿಗೆ ನಿಂತು ನೋಡಿದರು. ಕೌಂಟಿಯಲ್ಲಿ ಕಾನೂನು ಗಟ್ಟಿಯಾಗಿದೆ ಎಂದು ಮೆಚ್ಚಿ, ಚೀಟಿ ಕೊಂಡು ಮನೆಗೆ ಹೋದರು.