ಗೋಡೆಯಾಚೆಯ ಗಣಿತ ಮೇಡಂ

ಕೊಯಮತ್ತೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹುಡುಗರಿಗೆ ಇಂಗ್ಲಿಷಿನಲ್ಲಿ ಪತ್ರ, ವರದಿ ಬರೆಯುವುದನ್ನು ಕಲಿಸುತ್ತೇನೆ. ಪಕ್ಕದ ಕೋಣೆಯಲ್ಲಿ ಗಣಿತದ ಮೇಡಂ. ಗಣಿತ ಕಲಿಸಿಯೂ ಅವರು ಎಲ್ಲರಿಗೂ ಇಷ್ಟ. ಹೀಗಿರುವಾಗ ನನ್ನ ಹೊಟ್ಟೆ ಉರಿಯದ ವಾರವೇ ಇರುವುದಿಲ್ಲ. ಒಂದೇ ಒಂದು ಸಲ ನನ್ನನ್ನೂ ಯಾರಾದರೂ ಹೊಗಳಲಿ ಎಂಬುದಷ್ಟೇ ನನ್ನ ಆಸೆ.

ದೂರು

ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರುವ ವಿಷಯದ ಬಗ್ಗೆ ಪ್ರಾಂಶುಪಾಲರಿಗೆ ದೂರು ಬರೆಯಿರಿ ಎಂದೆ. ಎಲ್ಲರೂ ಹಾಸ್ಟೆಲ್ ಸಾಂಬಾರಿನ ಮೇಲೆ ಬಿದ್ದರು. ಒಬ್ಬ ಮಾತ್ರ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಪಕ್ಕದ ಗಣಿತ ತರಗತಿಯ ನಗು ಕೇಳಿಸಿ ಸಂಕಟವಾಗುತ್ತದೆ ಎಂದು ಬರೆದಿದ್ದ. ಭಲೇ ಎಂದುಕೊಂಡು ಮುಂದೆ ಓದಿದೆ. "ಆದ್ದರಿಂದ ನಡುವಿನ ಗೋಡೆ ಕೆಡವಿಸಿ, ನಮಗೂ ಜೋಕು ಪೂರ್ತಿ ಕೇಳುವಂತೆ ಮಾಡಬೇಕಾಗಿ ವಿನಂತಿ." ಸಮಸ್ಯೆ ಸ್ಪಷ್ಟ, ಪರಿಹಾರ ಸ್ಪಷ್ಟ, ವಿನಯವೂ ಇದೆ. ಹಲ್ಲು ಕಚ್ಚಿಕೊಂಡು ಹತ್ತಕ್ಕೆ ಹತ್ತು ಕೊಟ್ಟೆ.

ಸಿಹಿ

ಗಣಿತದ ಮೇಡಂ ಊರು ಪೊಳ್ಳಾಚಿ. ಹೋಗಿ ಬಂದಾಗಲೆಲ್ಲ ತರಗತಿಗೆ ಕೊಬ್ಬರಿ ಮಿಠಾಯಿ ತರುತ್ತಾರೆ. ನಾನೇನು ಕಮ್ಮಿ ಎಂದು ಆರ್.ಎಸ್. ಪುರಂನ ದೊಡ್ಡ ಅಂಗಡಿಯಿಂದ ತುಪ್ಪದ ಮೈಸೂರುಪಾಕು ಕೊಂಡೊಯ್ದೆ. ಮಡತ್ತುಕುಳಂ ಕಡೆಯ ಒಬ್ಬ ಹುಡುಗ, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ ಮಾತಾಡುವವನು, ಒಂದು ತುಂಡು ಎತ್ತಿಕೊಂಡು ಆಸೆಯಿಂದ ಕೇಳಿದ:

"ಮೇಡಂ, ನೀವು ವೇಲೆ ಬುಟ್ಟು ಹೋಯ್ತೀರಾ?"

"ಕೆಲಸ ಯಾಕಪ್ಪ ಬಿಡಲಿ? ಸುಮ್ಮನೆ ತಂದೆ."

ಅವನು ಆ ತುಂಡನ್ನು ಹಾಗೆಯೇ ಡಬ್ಬಿಗೆ ವಾಪಸು ಇಟ್ಟ.

ಕೃತಜ್ಞತೆ

ಕೊನೆಗೊಂದು ಉಪಾಯ ಹೂಡಿದೆ. ಮೆಚ್ಚಿನ ಶಿಕ್ಷಕರಿಗೆ ಕೃತಜ್ಞತಾ ಪತ್ರ ಬರೆಯಿರಿ ಎಂದು ಹೇಳಿ, ಅವರು ಬರೆದು ಮುಗಿಸುವವರೆಗೂ ಕಣ್ಣೆದುರೇ ನಗುನಗುತ್ತಾ ನಿಂತೆ. ಅಷ್ಟೂ ಪತ್ರ ಗಣಿತದ ಮೇಡಂಗೆ. ಅದೂ ನಾನು ಕಲಿಸಿದ ಹಾಗೆಯೇ, ಉದಾಹರಣೆ ಸಮೇತ, ಮನಸ್ಸಿಗೆ ತಟ್ಟುವಂತೆ.

ತಪಾಸಣೆಗೆಂದು ಆ ಪತ್ರಗಳನ್ನು ತರಿಸಿಕೊಂಡು ಓದಿದ ಪ್ರಾಂಶುಪಾಲರು ಗಣಿತದ ಮೇಡಂಗೇ ಉತ್ತಮ ಶಿಕ್ಷಕಿ ಪ್ರಶಸ್ತಿ ಎಂದುಬಿಟ್ಟರು. ನನ್ನನ್ನೂ ಕರೆಸಿದರು.

"ಹುಡುಗರು ಎಷ್ಟು ಚೆನ್ನಾಗಿ ಬರೆದಿದ್ದಾರೆ. ಕಲಿಸಿದ್ದು ನೀವೇ ತಾನೆ?"

ಅಂತೂ ಹೊಗಳಿಕೆ ಬಂತು ಎಂದು ಸೆರಗು ಸರಿಮಾಡಿಕೊಂಡೆ.

"ಹಾಗಾದರೆ ಗಣಿತದ ಮೇಡಂ ಅವರ ಸನ್ಮಾನಪತ್ರವನ್ನೂ ನೀವೇ ಬರೆಯಿರಿ. ವೇದಿಕೆಯಲ್ಲಿ ನೀವೇ ಓದಿ."

ಬರೆದೆ. ಓದಿದೆ. ಮೂರನೆಯ ಸಾಲಿಗೇ ಕಣ್ಣಲ್ಲಿ ಧಾರಾಕಾರ ನೀರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗಣಿತದ ಮೇಡಂ ಓಡಿಬಂದು ನನ್ನನ್ನು ತಬ್ಬಿಕೊಂಡು, ತಾವೂ ಅಳುತ್ತಾ ಮೈಕಿನಲ್ಲಿ ಹೇಳಿದರು:

"ಎಲ್ಲರೂ ನೋಡಿ. ಹೊಟ್ಟೆಕಿಚ್ಚು ಅನ್ನೋದೇ ಗೊತ್ತಿಲ್ಲದ ಜೀವ ಇದು."